ರಂಗಗೀತೆಗೆ ಕೊರಳು ಬೇಕು

ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಬಂದವರಿಗೆ ತಾಯ್ನುಡಿಯನ್ನು ಮನೆಯೊಳಗೆ ಉಳಿಸಿಕೊಳ್ಳುವುದೇ ಒಂದು ಸಾಹಸ. ಅದನ್ನು ಮಕ್ಕಳಿಗೆ ದಾಟಿಸುವುದು ಇನ್ನೂ ದೊಡ್ಡ ಸಾಹಸ. ಈ ಕಾರ್ಯಕ್ಕೆ ರಂಗಗೀತೆಯಷ್ಟು ಸುಲಭವೂ ಸೊಗಸೂ ಆದ ಸಾಧನ ಮತ್ತೊಂದಿಲ್ಲವೆಂದು ನನ್ನ ನಂಬಿಕೆ. ನಾನು ಸಂಗೀತಜ್ಞನಲ್ಲ, ವಾಣಿಜ್ಯ ಪದವಿ ಪಡೆದು ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬದುಕುತ್ತಿರುವವನು. ಆದರೂ ರಕ್ತದೊತ್ತಡ, ಮಧುಮೇಹಗಳ ಬಗ್ಗೆ ವೈದ್ಯಮಿತ್ರರು ಹಿತನುಡಿ ಹೇಳುವ ಈ ಸಂಚಿಕೆಯಲ್ಲಿ ಮನಸ್ಸಿನ ಆರೋಗ್ಯದ ಈ ಮಾತಿಗೂ ಎಡೆಯಿರಲೆಂದು ಕೋರುತ್ತೇನೆ.

ನನ್ನ ಬಾಲ್ಯದ ನಾಟಕಗಳೆಲ್ಲ ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯವು. ಬನದ ಹುಣ್ಣಿಮೆಯ ಹೊತ್ತಿಗೆ ನಾಟಕ ಕಂಪನಿಗಳ ಥಿಯೇಟರುಗಳು ಅಲ್ಲಿ ಸಾಲಾಗಿ ಎದ್ದು ನಿಲ್ಲುತ್ತಿದ್ದವು. ಅಜ್ಜನ ಪಕ್ಕದಲ್ಲಿ ಕಂಬಳಿ ಹೊದ್ದು ನೋಡಿದ ಆ ನಾಟಕಗಳ ಕಥೆಗಳು ಈಗ ಮಸುಕಾಗಿವೆ. ಹಾಡುಗಳು ಮಾತ್ರ ಉಳಿದಿವೆ. ಪೇಟಿ ಮಾಸ್ತರರು ಶ್ರುತಿ ಹಿಡಿದೊಡನೆ ಜಾತ್ರೆಯ ಗದ್ದಲವೇ ದೂರ ಸರಿದಂತಾಗುತ್ತಿತ್ತು. ಏಣಗಿ ಬಾಳಪ್ಪನವರ (1914–2017) ಗಾಯನವನ್ನು ಪ್ರಾಯದಲ್ಲಿ ಕೇಳಿದ್ದ ಅಜ್ಜನಿಗೆ ಬೇರೆ ಯಾರ ಹಾಡೂ ಪೂರ್ತಿ ರುಚಿಸುತ್ತಿರಲಿಲ್ಲವೆಂಬುದು ಬೇರೆ ಮಾತು.

ಬ್ಯಾಂಕಿನ ವರ್ಗಾವಣೆ ನನ್ನನ್ನು ಮೊದಲು ವಿಜಯವಾಡಕ್ಕೂ ಅನಂತರ ವಿಶಾಖಪಟ್ಟಣಕ್ಕೂ ತಂದಿತು. ವಿಜಯವಾಡದಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ತುಮ್ಮಲಪಲ್ಲಿ ಕಲಾಕ್ಷೇತ್ರದಲ್ಲಿ ‘ಶ್ರೀಕೃಷ್ಣ ರಾಯಬಾರಂ’ ಪದ್ಯನಾಟಕವನ್ನು ನೋಡಿದೆ. ಕೃಷ್ಣನ ಪಾತ್ರಧಾರಿ ಪದ್ಯದ ಕೊನೆಯ ಪಾದವನ್ನು ರಾಗದಲ್ಲಿ ಎಳೆದು ನಿಲ್ಲಿಸಿದಾಗ ಸಭೆಯಿಂದ ‘ಒನ್ಸ್ ಮೋರ್’ ಕೂಗೆದ್ದಿತು. ಭಾಷೆ ಬೇರೆಯಾದರೂ ಆ ಹಾರ್ಮೋನಿಯಂ, ಆ ಆಲಾಪ, ಆ ಕೂಗು ನನಗೆ ಬನಶಂಕರಿಯವೇ ಆಗಿದ್ದವು.

ಈ ಸಾದೃಶ್ಯ ಆಕಸ್ಮಿಕವಲ್ಲ. ತೆಲುಗರು ‘ಆಂಧ್ರ ನಾಟಕ ಪಿತಾಮಹ’ರೆಂದು ಗೌರವಿಸುವ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ನಮ್ಮ ಬಳ್ಳಾರಿಯಲ್ಲಿ ವಕೀಲರಾಗಿದ್ದವರು. ಅಲ್ಲಿ ಅವರು ಕಟ್ಟಿದ ಸರಸವಿನೋದಿನಿ ಸಭೆಯು ತೆಲುಗು ರಂಗಭೂಮಿಗೆ ಹೊಸ ದಾರಿ ತೆರೆಯಿತು. ‘ರಾಮರಾಜು ಚರಿತ್ರ’ವನ್ನು ಬರೆದ ಕೋಲಾಚಲಂ ಶ್ರೀನಿವಾಸರಾಯರೂ ಎರಡೂ ಭಾಷೆಗಳಲ್ಲಿ ಅಭಿನಯಿಸಿದ ಬಳ್ಳಾರಿ ರಾಘವರೂ (1880–1946) ಅದೇ ಊರಿನ ರಂಗಭೂಮಿಯಲ್ಲಿ ಬೆಳಗಿದವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಮೈಸೂರಿಗೆ ಸೇರಿತು. ಗಡಿರೇಖೆ ನೆಲವನ್ನು ಹಂಚಿತೇ ಹೊರತು ರಾಗವನ್ನು ಹಂಚಲಿಲ್ಲ. ಆದಕಾರಣ ಇಲ್ಲಿ ರಂಗಗೀತೆ ಹಾಡುವ ಕನ್ನಡಿಗನು ಪರಕೀಯನಲ್ಲ. ಹಳೆಯ ನೆಂಟಸ್ತಿಕೆಯನ್ನು ನೆನಪಿಸುವವನು.

ಆದರೆ ಹೊರನಾಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಇಂದು ಸಾಮಾನ್ಯವಾಗಿ ಕಾಣುವುದೇನು? ಧ್ವನಿಮುದ್ರಿತ ಚಲನಚಿತ್ರಗೀತೆ ಮೊಳಗುತ್ತದೆ. ಮಕ್ಕಳು ತುಟಿ ಬಿಚ್ಚದೆ ಕುಣಿಯುತ್ತಾರೆ. ಕುಣಿತಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಕನ್ನಡದ ಹಬ್ಬದಲ್ಲಿ ಮಗುವಿನ ಬಾಯಿಂದ ಒಂದೂ ಕನ್ನಡ ಮಾತು ಹೊರಡದಿದ್ದರೆ, ಖರ್ಚಿನ ಪುಟ ತುಂಬಿ ಜಮೆಯ ಪುಟ ಖಾಲಿ ಉಳಿದಂತಾಯಿತು.

ಹಾಡಿನ ಭರದಲ್ಲಿ ಅಭಿನಯ ಸೊರಗುತ್ತದೆಂದು ಕೆಲವರು ಹೇಳಬಹುದು. ಸ್ವತಃ ರಾಘವರೇ ಮಿತಿಮೀರಿದ ರಾಗಾಲಾಪನೆಯನ್ನು ಮೆಚ್ಚಿದವರಲ್ಲ. ಅದು ಯೋಗ್ಯವಾದ ಎಚ್ಚರಿಕೆ. ಇದಕ್ಕೆ ಉತ್ತರ ಬಿ. ವಿ. ಕಾರಂತರಲ್ಲಿದೆ (1929–2002). ಗುಬ್ಬಿ ಕಂಪನಿಯಲ್ಲಿ ಪಳಗಿದ ಅವರು ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ಮುಂತಾದ ನಾಟಕಗಳಲ್ಲಿ ಹಾಡನ್ನು ಕಥೆಯ ಅಂಗವಾಗಿಸಿದರು. ಗುಂಪಾಗಿ ಹಾಡುವ ಅಂತಹ ಗೀತೆಗಳಿಗೆ ಶಾಸ್ತ್ರೀಯ ಶಿಕ್ಷಣವೇ ಬೇಕೆಂದಿಲ್ಲ.

ನನ್ನ ಸಲಹೆ ಇಷ್ಟೇ. ಒಂದು ಹಾರ್ಮೋನಿಯಂ, ಒಂದು ತಬಲಾ, ಹನ್ನೆರಡು ಭಾನುವಾರಗಳ ಅಭ್ಯಾಸ, ನಾಲ್ಕು ರಂಗಗೀತೆಗಳು. ಸಾಹಿತ್ಯವನ್ನು ಮಕ್ಕಳು ಕನ್ನಡ ಲಿಪಿಯಲ್ಲೇ ತಮ್ಮ ಕೈಯಿಂದ ಬರೆದುಕೊಳ್ಳಲಿ. ಹಾರ್ಮೋನಿಯಂ ನುಡಿಸಲು ಇಲ್ಲಿನ ಪದ್ಯನಾಟಕ ಕಲಾವಿದರೊಬ್ಬರನ್ನು ಗೌರವಧನ ಕೊಟ್ಟು ಕರೆಯೋಣ. ಅವರ ಒಂದು ತೆಲುಗು ಪದ್ಯಕ್ಕೂ ನಮ್ಮ ವೇದಿಕೆಯಲ್ಲಿ ಸ್ಥಳ ಕೊಡೋಣ. ಮುಂದಿನ ವಾರ್ಷಿಕೋತ್ಸವದಲ್ಲಿ ಮಕ್ಕಳ ಸ್ವರ ಅಲ್ಲಲ್ಲಿ ತಪ್ಪಬಹುದು, ತಾಳ ಜಾರಬಹುದು. ಸಹೃದಯರು ಅದನ್ನು ಮನ್ನಿಸಿ, ಗಟ್ಟಿಯಾಗಿ ‘ಒನ್ಸ್ ಮೋರ್’ ಎನ್ನಬೇಕೆಂದು ವಿನಂತಿ.