ಮಿಕ್ಕಿ ಇಲಿಗೊಂದು ಆಕಾಶ, ನಮಗೊಂದು ಆಕಾಶ

ಅಮೆರಿಕದಲ್ಲಿ ಮಗನೋ ಮಗಳೋ ಇರುವ ನಮ್ಮವರು ಯಾರೇ ಸಿಗಲಿ, ಮೊಬೈಲ್ ತೆಗೆದು ಡಿಸ್ನಿಯ ಫೋಟೋ ತೋರಿಸದೆ ಬಿಡುವುದಿಲ್ಲ. ಅಜ್ಜ ಅಜ್ಜಿ ಇಬ್ಬರೂ ಸ್ವೆಟರ್ ಹಾಕಿಕೊಂಡು ಆ ದೊಡ್ಡ ಕಿವಿಯ ಇಲಿಯ ಅಕ್ಕಪಕ್ಕ ನಿಂತಿರುತ್ತಾರೆ. ನಿಲ್ಲಲಿ ಪಾಪ, ವಯಸ್ಸಾದ ಕಾಲಕ್ಕೆ ಮೊಮ್ಮಕ್ಕಳ ಜೊತೆ ಅಷ್ಟಾದರೂ ಆಗಲಿ. ನನ್ನ ತಕರಾರು ಇಲಿಯ ಮೇಲಲ್ಲ, ಇಲಿಯ ತಲೆಯ ಮೇಲಿರುವ ಆಕಾಶದ ಮೇಲೆ.

ಅದು ಎಲ್ಲರಿಗೂ ಸಿಗುವ ಆಕಾಶವಲ್ಲ ಸ್ವಾಮಿ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಮತ್ತು ಫ್ಲೋರಿಡಾದ ಡಿಸ್ನಿ ವರ್ಲ್ಡ್, ಈ ಎರಡು ಜಾಗಗಳ ಸುತ್ತ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್, ನೆಲದಿಂದ 3,000 ಅಡಿ ಎತ್ತರದವರೆಗೆ ಅಪ್ಪಣೆಯಿಲ್ಲದೆ ವಿಮಾನ ಹಾರಿಸುವಂತಿಲ್ಲ. ಹಗಲು ರಾತ್ರಿ, ಮುನ್ನೂರ ಅರವತ್ತೈದು ದಿನ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರದ ಭಯದ ದಿನಗಳಲ್ಲಿ, 2003ರಲ್ಲಿ ಇದು ಬಂತು. ಅಲ್ಲಿನ ಸಂಸತ್ತಿನಲ್ಲಿ ಸರ್ಕಾರದ ಖರ್ಚುವೆಚ್ಚಕ್ಕೆ ಹಣ ಮಂಜೂರು ಮಾಡುವ ಭಾರೀ ಮಸೂದೆಯಿರುತ್ತದಲ್ಲ, ಅದರ ಹೊಟ್ಟೆಯೊಳಗೆ ಸದ್ದಿಲ್ಲದೆ ಸೇರಿಸಿ ಗಟ್ಟಿ ಮಾಡಿದರು. ಕಂಪನಿಯ ಕಡೆಯಿಂದ ಒತ್ತಡ ನಡೆದಿತ್ತು ಎಂದು ಅಲ್ಲಿನ ಪತ್ರಿಕೆಗಳು ಆಗಲೇ ಬರೆದಿದ್ದವು. ತಮಾಷೆ ಕೇಳಿ, ಕಾಗದದ ಮೇಲೆ ಇದರ ಹೆಸರು ಇವತ್ತಿಗೂ 'ತಾತ್ಕಾಲಿಕ ಹಾರಾಟ ನಿರ್ಬಂಧ'. ತಾತ್ಕಾಲಿಕಕ್ಕೆ ಇಪ್ಪತ್ತು ವರ್ಷ ದಾಟಿತು. ಆಗ ಹುಟ್ಟಿದ ಮಗು ಈಗ ಕಾಲೇಜು ಮುಗಿಸಿರುತ್ತದೆ.

ಭದ್ರತೆ ಬೇಡವೇ, ಅಷ್ಟೊಂದು ಮಕ್ಕಳು ಸೇರುವ ಜಾಗ ಅಂತೀರಾ? ಬೇಕು. ಹಾಗಾದರೆ ಡಿಸ್ನಿಲ್ಯಾಂಡಿನಿಂದ ಕೂಗಳತೆಯಲ್ಲಿರುವ ನಾಟ್ಸ್ ಬೆರಿ ಫಾರ್ಮ್ ಎಂಬ ಪಾರ್ಕಿಗೆ ಬರುವವರು ಮಕ್ಕಳಲ್ಲವೇ? ಆರ್ಲ್ಯಾಂಡೋದ ಯೂನಿವರ್ಸಲ್ ಪಾರ್ಕಿಗೆ ಹೋಗುವವರ ಜೀವ ಅಗ್ಗವೇ? ಅವಕ್ಕೆ ಇಂಥ ಕಾಯಂ ಕೊಡೆ ಸಿಗಲಿಲ್ಲ. ಬೆದರಿಕೆ ಇದ್ದದ್ದು ಜನಸಂದಣಿಗಾದರೆ ನಿಯಮ ಜನಸಂದಣಿಯನ್ನು ನೋಡಿ ಬರೆಯಬೇಕಿತ್ತು, ಗೇಟಿನ ಮೇಲಿನ ಬೋರ್ಡು ನೋಡಿ ಅಲ್ಲ.

ಹಾಗೆ ಬರೆಯುವುದು ಅವರಿಗೆ ಗೊತ್ತಿಲ್ಲ ಅಂತಲ್ಲ. ಅದೇ ಕಾಲದಲ್ಲಿ ಅದೇ ದೇಶ ಸ್ಟೇಡಿಯಂಗಳಿಗೂ ಒಂದು ನಿಯಮ ಮಾಡಿತು. 30,000 ಅಥವಾ ಹೆಚ್ಚು ಜನ ಕೂರುವ ಸ್ಟೇಡಿಯಂ ಆಗಿರಬೇಕು, ಬೇಸ್‌ಬಾಲ್, ಅವರ ಫುಟ್‌ಬಾಲ್ ಮುಂತಾದ ದೊಡ್ಡ ಪಂದ್ಯ ನಡೆಯುತ್ತಿರಬೇಕು, ಆಟ ಶುರುವಾಗುವ ಒಂದು ಗಂಟೆ ಮೊದಲಿನಿಂದ ಮುಗಿದ ಮೇಲೆ ಒಂದು ಗಂಟೆಯವರೆಗೆ ಮಾತ್ರ. ಅಗಲ ಎತ್ತರ ಅದೇ, 3 ನಾಟಿಕಲ್ ಮೈಲಿ, 3,000 ಅಡಿ. ಇದರಲ್ಲಿ ಒಂದು ಅಳತೆಯಿದೆ ನೋಡಿ. ನಾಳೆ ಯಾವುದೋ ಸಣ್ಣ ಊರು 30,000 ಆಸನದ ಸ್ಟೇಡಿಯಂ ಕಟ್ಟಿ ಅಂಥದ್ದೇ ಪಂದ್ಯ ಆಡಿಸಿದರೆ ಯಾರ ಕಾಲೂ ಹಿಡಿಯದೆ ಆ ರಕ್ಷಣೆ ಸಿಗುತ್ತದೆ. ಆಟ ಮುಗಿದರೆ ಆಕಾಶ ವಾಪಸ್. ಡಿಸ್ನಿಯ ವಿಷಯದಲ್ಲಿ ಅಳತೆಯಿಲ್ಲ, ಹೆಸರಿದೆ. ಗಂಟೆಯಿಲ್ಲ, ಕಾಯಂ ಇದೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಇನ್ನು ಈ ಕೊಡೆಯಿಂದ ಮಳೆ ನಿಂತಿತೇ ಎಂಬುದು ಬೇರೆ ಪ್ರಶ್ನೆ. ಗಂಟೆಗೆ 200 ಕಿಲೋಮೀಟರ್ ವೇಗದ ಒಂದು ಸಣ್ಣ ವಿಮಾನ ಐದೂವರೆ ಕಿಲೋಮೀಟರ್ ದಾಟಲು ನೂರು ಸೆಕೆಂಡ್ ಸಾಕು. ಲೆಕ್ಕ ಹಾಕಿ ನೋಡಿ. ಕೆಡುಕು ಮಾಡಲೆಂದೇ ಬರುವವನು ನಿಯಮದ ಪುಸ್ತಕ ಓದಿ ಹಿಂದಿರುಗುತ್ತಾನೆಯೇ? ನಿಂತವರು ಯಾರೆಂದರೆ ನಿಯಮ ಪಾಲಿಸುವ ಬಡಪಾಯಿಗಳು. ವಿಮಾನದ ಬಾಲಕ್ಕೆ ಜಾಹೀರಾತಿನ ಬ್ಯಾನರ್ ಕಟ್ಟಿ ಹಾರಿಸಿ ಹೊಟ್ಟೆ ಹೊರೆಯುವವರು, ಒಂದೇ ಎಂಜಿನ್ನಿನ ವಿಮಾನದಲ್ಲಿ ಪ್ರವಾಸಿಗರನ್ನು ಸುತ್ತಿಸುವವರು. ಪಾರ್ಕಿನ ಮೇಲೆ ಬೇರೆಯವರ ಬ್ಯಾನರ್ ಹಾರುವುದು ನಿಂತಿತು. ಇದರಿಂದ ಪಾರ್ಕಿನ ಮಾಲೀಕರಿಗೆ ಬೇಸರವೇನೂ ಆಗಿರಲಾರದು!

2016ರಲ್ಲಿ ಏನಾಯಿತು ಗೊತ್ತೇ? ಅದೇ ಡಿಸ್ನಿಯವರು ಫ್ಲೋರಿಡಾದ ತಮ್ಮ ಜಾಗದಲ್ಲಿ, ಇಂಟೆಲ್ ಕಂಪನಿಯ ಜೊತೆ ಸೇರಿ, ಕ್ರಿಸ್‌ಮಸ್ ಸಮಯಕ್ಕೆ 300 ಡ್ರೋನ್‌ಗಳ ಬೆಳಕಿನ ಪ್ರದರ್ಶನ ಇಟ್ಟರು. ಯಾರೂ ಹಾರಬಾರದ ಆಕಾಶದಲ್ಲಿ ಮುನ್ನೂರು ಡ್ರೋನ್! ಅಲ್ಲಿನ ವಿಮಾನಯಾನ ಇಲಾಖೆ ವಿನಾಯಿತಿ ಕೊಟ್ಟಿತು. ಕಾನೂನಿನಲ್ಲಿ ಮೊದಲೇ ಬಾಗಿಲು ಇಟ್ಟಿದ್ದರು, ಪಾರ್ಕಿನ ಸ್ವಂತ ಕೆಲಸಕ್ಕಾದರೆ ವಿನಾಯಿತಿ ಕೊಡಬಹುದು ಎಂದು. ಸಾರ್ವಜನಿಕ ಬಾವಿಗೆ ಬೇಲಿ ಹಾಕಿಸಿ ಕೀಲಿ ಪಟೇಲರ ಸೊಂಟಕ್ಕೆ ಸಿಕ್ಕಿಸಿದ ಹಾಗೆ.

ಇದೆಲ್ಲ ಅಮೆರಿಕದ ಕತೆ, ವಿಠ್ಠಲವಾಡಿಯಲ್ಲಿ ಕೂತು ಕಲ್ಯಾಣ್ ಲೋಕಲ್ಲಿನ ಬಾಗಿಲಲ್ಲಿ ನೇತಾಡುವ ನಿನಗೇಕೆ ಇದರ ಉಸಾಬರಿ ಅಂತ ಕೇಳುವವರಿದ್ದಾರೆ. ಉಸಾಬರಿ ಯಾಕೆಂದರೆ ಈ ರೋಗ ನಮ್ಮಲ್ಲೂ ಇದೆ, ಹೆಸರು ಬೇರೆ ಅಷ್ಟೆ.

ನಮ್ಮ ವಿಮಾನ ನಿಲ್ದಾಣಗಳಲ್ಲಿ ತಪಾಸಣೆಯಿಂದ ವಿನಾಯಿತಿ ಪಡೆದವರ ಪಟ್ಟಿ ನೆನಪಿದೆಯಾ? ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯ ನ್ಯಾಯಮೂರ್ತಿ... ಹೀಗೆ ಹುದ್ದೆಗಳೇ ತುಂಬಿದ್ದ ಆ ಪಟ್ಟಿಯಲ್ಲಿ, ಎಸ್‌ಪಿಜಿ ರಕ್ಷಣೆಯವರ ಜೊತೆ ಪ್ರಯಾಣಿಸುವಾಗ ಎಂಬ ಷರತ್ತಿನೊಂದಿಗೆ, ರಾಬರ್ಟ್ ವಾದ್ರಾ ಎಂದು ಹೆಸರು ಹಿಡಿದು ಬರೆದಿತ್ತು. ನನ್ನ ಹೆಸರು ತೆಗೆದುಹಾಕಿ ಎಂದು ಕೊನೆಗೆ ಅವರೇ ಹೇಳಿದರು, 2015ರಲ್ಲಿ ತೆಗೆದರು. ನಾನು ಆ ಪಕ್ಷ ಈ ಪಕ್ಷ ಅಂತ ಹೇಳುತ್ತಿಲ್ಲ. ಹುದ್ದೆಗೆ ವಿನಾಯಿತಿ ಕೊಟ್ಟರೆ ಹುದ್ದೆ ಬಿಟ್ಟ ದಿನ ಅದು ಮುಗಿಯುತ್ತದೆ. ಹೆಸರಿಗೆ ಕೊಟ್ಟರೆ ಯಾರೋ ಗಲಾಟೆ ಮಾಡುವವರೆಗೆ ಮುಗಿಯುವುದಿಲ್ಲ.

ಈಗ ಸ್ವಲ್ಪ ಕಷ್ಟದ ಮಾತು. ಓದುಗರಲ್ಲಿ ಅನೇಕರಿಗೆ ಹಿಡಿಸಲಿಕ್ಕಿಲ್ಲ. ತಿರುಮಲದ ಬೆಟ್ಟದ ಮೇಲೆ ವಿಮಾನ ಹಾರಬಾರದು ಎಂದು ದೇವಸ್ಥಾನದವರು ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ಟಿಟಿಡಿ ಅಧ್ಯಕ್ಷ ಬಿ.ಆರ್. ನಾಯ್ಡು ಅವರು ವಿಮಾನಯಾನ ಸಚಿವ ರಾಮಮೋಹನ ನಾಯ್ಡು ಅವರಿಗೆ ಮತ್ತೆ ಪತ್ರ ಬರೆದರು. ಆಗಮಶಾಸ್ತ್ರ, ಕ್ಷೇತ್ರದ ಪಾವಿತ್ರ್ಯ, ಭಕ್ತರ ಸುರಕ್ಷತೆ, ಮೂರೂ ಕಾರಣ. ಕೇಂದ್ರ ಈ ಬೇಡಿಕೆಯನ್ನು ಹಿಂದೆಯೂ ಒಪ್ಪಿರಲಿಲ್ಲ. ಬೆಟ್ಟದ ಕೆಳಗೇ ರೇಣಿಗುಂಟದಲ್ಲಿ ವಿಮಾನ ನಿಲ್ದಾಣ ಇದೆ, ಅಲ್ಲಿ ಇಳಿಯುವವರಲ್ಲಿ ಎಷ್ಟು ಮಂದಿ ವೆಂಕಟರಮಣನ ದರ್ಶನಕ್ಕೇ ಬರುವವರೋ!

ನನಗೂ ತಿಮ್ಮಪ್ಪ ಮನೆದೇವರು. ಆದರೂ ಕೇಳುತ್ತೇನೆ, ಕಾರಣ ಸುರಕ್ಷತೆಯಾದರೆ ಆಷಾಢ ಏಕಾದಶಿಗೆ ಲಕ್ಷಗಟ್ಟಲೆ ವಾರಕರಿಗಳು ಸೇರುವ ಪಂಢರಪುರಕ್ಕೆ ಯಾಕಿಲ್ಲ? ಶಿರಡಿಗೆ? ಧರ್ಮಸ್ಥಳದ ಲಕ್ಷದೀಪಕ್ಕೆ? ಅಜ್ಮೇರ್ ಉರುಸಿಗೆ, ವೇಳಾಂಗಣ್ಣಿ ಜಾತ್ರೆಗೆ? ಇಷ್ಟು ಸಾವಿರ ಜನ ಸೇರುವ ಜಾಗ, ಇಂತಿಷ್ಟು ದಿನ, ಇಷ್ಟು ಎತ್ತರ ಎಂದು ಒಂದು ಅಳತೆ ಮಾಡಿ, ಆ ಅಳತೆಗೆ ಬಂದವರಿಗೆಲ್ಲ ಕೊಡಿ. ತಿರುಮಲ ಆ ಅಳತೆಗೆ ಖಂಡಿತ ಬರುತ್ತದೆ, ವರ್ಷದ ಎಲ್ಲ ದಿನ ಬಂದರೂ ಬರಬಹುದು. ಕಾರಣ ಪಾವಿತ್ರ್ಯ ಎಂದಾದರೆ ಅದನ್ನು ಅಳೆಯುವ ತಕ್ಕಡಿ ವಿಮಾನಯಾನ ಇಲಾಖೆಯ ಬಳಿ ಇಲ್ಲ, ಇರಲೂಬಾರದು. ಯಾರ ಊರಿನ ದೇವರಿಗೆ ಹತ್ತಿರದ ಮಂತ್ರಿ ಇದ್ದಾರೋ ಅವರ ದೇವರಿಗೆ ಆಕಾಶ ಅಂತಾಗುತ್ತದೆ.

ಎಲ್ಲ ನಿರ್ಬಂಧಕ್ಕೂ ಅಡ್ಡ ಬರುವವನಲ್ಲ ನಾನು. ತ್ರೋಂಬೆಯ ಅಣು ಸಂಶೋಧನಾ ಕೇಂದ್ರದ ಮೇಲೆ ಹಾರಬಾರದು ಅಂದರೆ ಯಾಕೆ ಎಂದು ಮೂರನೇ ಕ್ಲಾಸಿನ ಮಗುವಿಗೂ ಹೇಳಬಹುದು. ಅದು ಇಡೀ ಮುಂಬಯಿಯ ಪ್ರಾಣದ ಪ್ರಶ್ನೆ, ಒಂದು ಕಂಪನಿಯದ್ದಲ್ಲ.

ನಮ್ಮ ದಿನನಿತ್ಯಕ್ಕೆ ತಟ್ಟುವುದು ಡ್ರೋನ್ ವಿಚಾರ. ಮುಂಬಯಿ ಪೊಲೀಸರು ಆಗಾಗ ಒಂದು ಆದೇಶ ಹೊರಡಿಸುತ್ತಾರೆ. ಡ್ರೋನ್, ಪ್ಯಾರಾಗ್ಲೈಡರ್, ಬಿಸಿಗಾಳಿಯ ಬಲೂನು ಯಾವುದೂ ಹಾರುವಂತಿಲ್ಲ, ಸಾಮಾನ್ಯವಾಗಿ 30 ದಿನ. ಹಿಂದೆ 144ನೇ ಕಲಂ, 2024ರ ಜುಲೈ ನಂತರ ಹೊಸ ಸಂಹಿತೆಯ 163ನೇ ಕಲಂ. ಮೂವತ್ತು ದಿನ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಂದ ಉದಾಹರಣೆಗಳು ಬೇಕಾದಷ್ಟಿವೆ. ಆದೇಶದಲ್ಲೇ ವಿನಾಯಿತಿಯೂ ಇರುತ್ತದೆ: ಪೊಲೀಸರ ಸ್ವಂತ ಕಣ್ಗಾವಲಿಗೆ, ಮತ್ತು ಡಿಸಿಪಿಯವರ ಲಿಖಿತ ಪರವಾನಗಿ ಇರುವವರಿಗೆ. ಓದಲಿಕ್ಕೆ ಸರಿಯಾಗಿಯೇ ಇದೆ. ಆದರೆ ಆ ಲಿಖಿತ ಪರವಾನಗಿ ಯಾರಿಗೆ ಸಿಗುತ್ತದೆ?

ನಮ್ಮ ಬಿಲ್ಡಿಂಗಿನ ಹುಡುಗನೊಬ್ಬ ಮದುವೆ ವೀಡಿಯೋ ತೆಗೆಯುತ್ತಾನೆ. ಗುಲ್ಬರ್ಗ ಕಡೆಯವನು, ತಂದೆ ಬಿಗಾರಿ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಸಾಲ ಮಾಡಿ ಒಂದು ಡ್ರೋನ್ ತಂದ. ಪರವಾನಗಿಗೆ ಅಂತ ನಾಲ್ಕು ಸಲ ಒಂದು ಕಚೇರಿಗೆ ಅಲೆದ, ಇವತ್ತು ಸಾಹೇಬರಿಲ್ಲ, ನಾಳೆ ಬಾ. ಮದುವೆ ಮುಗಿದೇಹೋಯಿತು. ಅದೇ ವಾರ ಊರಿನ ಒಬ್ಬ ಪುಢಾರಿಯ ಹುಟ್ಟುಹಬ್ಬಕ್ಕೆ ಎರಡೆರಡು ಡ್ರೋನ್ ನಮ್ಮ ತಲೆಯ ಮೇಲೇ ಜುಂಯ್ ಅಂತ ಹಾರಿದವು. 'ಅವರಿಗೆ ಪರ್ಮಿಷನ್ ಇತ್ತಾ ಅಂಕಲ್?' ಎಂದು ಕೇಳಿದ. ಇದ್ದರೂ ಇರಬಹುದಪ್ಪ. ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು ಎಂಬ ಪಟ್ಟಿ ಕಚೇರಿಯ ಗೋಡೆಗೆ ಅಂಟಿಸಿದ್ದರೆ ನಾನೂ ಓದಿ ಅವನಿಗೆ ಉತ್ತರ ಹೇಳುತ್ತಿದ್ದೆ.

ಸೋಜಿಗವೆಂದರೆ ಈ ವಿಷಯದಲ್ಲಿ ದೆಹಲಿಯವರು ಬರೆದ ನಿಯಮ ಪರವಾಗಿಲ್ಲ. 2021ರ ಡ್ರೋನ್ ನಿಯಮಗಳಲ್ಲಿ, ರಾಜ್ಯ ಸರ್ಕಾರವೋ ಪೊಲೀಸರೋ ತುರ್ತಿಗೆ ಒಂದು ಜಾಗವನ್ನು ತಾತ್ಕಾಲಿಕ ಕೆಂಪು ವಲಯ ಮಾಡಬಹುದು, ಆದರೆ ಒಂದು ಸಲಕ್ಕೆ 96 ಗಂಟೆಗಿಂತ ಹೆಚ್ಚಿಲ್ಲ ಎಂದು ಹಾಕಿದರು. ನಾಲ್ಕು ದಿನ. ಬೇಕಿದ್ದರೆ ಮತ್ತೆ ಕಾರಣ ಕೊಟ್ಟು ಮತ್ತೆ ಘೋಷಿಸು. ಡಿಸ್ನಿಯ ಇಪ್ಪತ್ತು ವರ್ಷದ ತಾತ್ಕಾಲಿಕದ ಮುಂದೆ ಈ 96 ಗಂಟೆ ಎಷ್ಟು ಮರ್ಯಾದಸ್ಥ ನೋಡಿ!

ಗಡುವು ಇಲ್ಲದ ತಾತ್ಕಾಲಿಕ ಏನು ಮಾಡುತ್ತದೆ ಅಂತ ನೋಡಲು ವಿಠ್ಠಲವಾಡಿಯವರು ಫ್ಲೋರಿಡಾಕ್ಕೆ ಹೋಗಬೇಕಿಲ್ಲ, ಮಲಂಗಗಡದ ದಾರಿ ಹಿಡಿದು ನೇವಾಳಿವರೆಗೆ ಹೋದರೆ ಸಾಕು. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನ ಇಳಿಯುವುದಕ್ಕೆಂದು ಬ್ರಿಟಿಷರು ಅಲ್ಲಿನ ರೈತರ ಜಮೀನು ತೆಗೆದುಕೊಂಡರು. ಯುದ್ಧ 1945ಕ್ಕೆ ಮುಗಿಯಿತು. ಯುದ್ಧಕ್ಕೆಂದು ತಗೊಂಡದ್ದು, ಯುದ್ಧ ಮುಗಿದ ಮೇಲೆ ನಮ್ಮದು ನಮಗೆ ಬರಬೇಕು ಎಂದು ರೈತರು ತಲೆಮಾರುಗಳಿಂದ ಹೇಳುತ್ತಾ ಬಂದರು. ನೆಲ ರಕ್ಷಣಾ ಇಲಾಖೆಯ ಕೈಯಲ್ಲೇ ಉಳಿಯಿತು. 2017ರ ಜೂನ್‌ನಲ್ಲಿ ನೌಕಾಪಡೆ ಅಲ್ಲಿ ಆವರಣ ಗೋಡೆ ಕಟ್ಟಲು ಹೊರಟಾಗ ಜನ ರಸ್ತೆಗಿಳಿದರು, ವಾಹನಗಳಿಗೆ ಬೆಂಕಿ ಬಿತ್ತು, ರೈತರಿಗೂ ಪೊಲೀಸರಿಗೂ ಗಾಯವಾಯಿತು. ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ವಿಮಾನಕ್ಕೆಂದು ತೆಗೆದುಕೊಂಡ ನೆಲಕ್ಕೆ ಎಪ್ಪತ್ತು ವರ್ಷವಾದ ಮೇಲೂ ಲೆಕ್ಕ ಚುಕ್ತಾ ಆಗದಿದ್ದರೆ ಮೂರನೇ ತಲೆಮಾರಿನ ಹುಡುಗರಿಗೆ ರಕ್ತ ಕುದಿಯದೆ ಇನ್ನೇನಾಗುತ್ತದೆ?

ಊರಿನ ಕಡೆಯ ಒಂದು ಉದಾಹರಣೆ ಹೇಳದಿದ್ದರೆ ಬೆಂಗಳೂರಿನವರು ಬೇಜಾರು ಮಾಡಿಕೊಂಡಾರು. ದೇವನಹಳ್ಳಿಯ ವಿಮಾನ ನಿಲ್ದಾಣ ಕಟ್ಟುವಾಗ ಆದ ಒಪ್ಪಂದದಲ್ಲಿ, ಸುತ್ತ 150 ಕಿಲೋಮೀಟರ್ ಒಳಗೆ 25 ವರ್ಷ ಇನ್ನೊಂದು ಅಂಥ ನಿಲ್ದಾಣ ಬರಕೂಡದು, ಮೈಸೂರು ಹಾಸನ ಬಿಟ್ಟು, ಎಂದು ಬರೆದರು. 2008ರ ಮೇ ತಿಂಗಳಲ್ಲಿ ಅದು ಶುರುವಾದದ್ದೇ ತಡ, ಊರೊಳಗಿದ್ದ ಎಚ್‌ಎಎಲ್ ನಿಲ್ದಾಣ ನಮ್ಮಂಥ ಟಿಕೆಟ್ ಪ್ರಯಾಣಿಕರಿಗೆ ಮುಚ್ಚಿತು. ಮುಚ್ಚಬೇಡಿ ಎಂದು ಜನ ಬೀದಿಗಿಳಿದು ಕೂಗಿದರೂ ಕೇಳಲಿಲ್ಲ. ಮಂತ್ರಿಮಹೋದಯರ ವಿಮಾನಗಳಿಗೆ, ಸಿರಿವಂತರ ಖಾಸಗಿ ಜೆಟ್‌ಗಳಿಗೆ ಮಾತ್ರ ಎಚ್‌ಎಎಲ್ ಬಾಗಿಲು ತೆರೆದೇ ಇತ್ತು. ನಮಗೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ, ಅವರಿಗೆ ಎಂ.ಜಿ. ರಸ್ತೆಯಿಂದ ಕಾಲು ಗಂಟೆ.

ಅಷ್ಟಾದರೂ ಆ ಕಾಗದದ ಕೊನೆಯಲ್ಲಿ ಒಂದು ತಾರೀಖು ಬರೆದಿದ್ದಾರೆ. ಹೊಸೂರಿನಲ್ಲಿ ನಿಲ್ದಾಣ ಮಾಡುತ್ತೇವೆ ಎಂದು ತಮಿಳುನಾಡಿನವರು ಹೊರಟಾಗ ಎಲ್ಲರೂ ಮೊದಲು ತೆಗೆದು ನೋಡಿದ್ದು ಅದನ್ನೇ. 2033ರ ಮೇ ತಿಂಗಳಿಗೆ 25 ವರ್ಷ ತುಂಬುತ್ತದೆ. ಅದಕ್ಕೂ ಮೊದಲೇ 'ಇನ್ನೊಂದು ಹತ್ತು ವರ್ಷ' ಎಂದು ಯಾರಾದರೂ ಅರ್ಜಿ ಹಿಡಿದು ಬಂದರೆ, ಎಷ್ಟು ಮಂದಿಗೆ ಯಾವ ಅಳತೆಯಲ್ಲಿ ಕೊಡುತ್ತೀರಿ ಎಂದು ಕೇಳಲು ಈಗಿನಿಂದಲೇ ಬರೆದಿಟ್ಟುಕೊಳ್ಳಿ.