ಕೆಜಿಎಫ್ ಅಂದ್ರೆ ಬರೀ ಸಿನಿಮಾನಾ?

1/6
ಒಂದ್ನಿಮಿಷ ಸ್ಕ್ರಾಲ್ ನಿಲ್ಸಿ. "ಕೆಜಿಎಫ್" ಅಂದ ತಕ್ಷಣ ನಿಮ್ಮ ತಲೆಗೆ ಏನು ಬಂತು? ಗಡ್ಡ, ಸುತ್ತಿಗೆ, ಬಿಜಿಎಂ. ಅಲ್ವಾ?
ನನಗೂ ಅಷ್ಟೇ ಬರ್ತಿತ್ತು, ಆ ಊರಿನ ಹುಡುಗಿಯೊಬ್ಬಳು ನಮ್ಮ ಕ್ಲಾಸಿಗೆ ಸೇರೋವರೆಗೂ. ಬೆಳಗಿನ ಜಾವ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಕಂಟೋನ್ಮೆಂಟಲ್ಲಿ ಇಳಿದು, ಬಸ್ ಹಿಡಿದು ಹೆಬ್ಬಾಳಕ್ಕೆ ಬರ್ತಾಳೆ. ಮೊದಲ ದಿನ ನಾವೆಲ್ಲ ಕೇಳಿದ್ದು ಒಂದೇ: "ರಾಕಿ ಭಾಯ್ ಊರಾ?" ಅವಳು ನಕ್ಕಳು. ಅದು ಖುಷಿಯ ನಗು ಅಲ್ಲ ಅಂತ ಅರ್ಥ ಆಗೋಕೆ ನನಗೆ ಒಂದು ಸೆಮಿಸ್ಟರ್ ಬೇಕಾಯ್ತು.

2/6
ಸಿನಿಮಾನ ಬೈತಿಲ್ಲ, ನಾನೂ ಮೂರು ಸಲ ನೋಡಿದ್ದೀನಿ. ಆದ್ರೆ ಅದರಲ್ಲಿರೋ ನರಾಚಿ ಕಲ್ಪನೆ. ನಿಜವಾದ ಗಣಿ ಯಾವ ಡಾನ್ ಕೈಲೂ ಇರಲಿಲ್ಲ. 1880ರಿಂದ ಬ್ರಿಟಿಷರ ಜಾನ್ ಟೇಲರ್ ಕಂಪನಿ ನಡೆಸ್ತು. 1956ರಲ್ಲಿ ಮೈಸೂರು ಸರ್ಕಾರ ತಗೊಳ್ತು, 1962ರಲ್ಲಿ ಕೇಂದ್ರಕ್ಕೆ ಹೋಯ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳ. ಒಟ್ಟು ಸುಮಾರು 800 ಟನ್ ಚಿನ್ನ ಮೇಲೆ ಬಂತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.
ಅಂದ್ರೆ ಇಲ್ಲಿ ವಿಲನ್‌ನ ಹೊಡೆದು ಮುಗಿಸೋ ಕ್ಲೈಮ್ಯಾಕ್ಸ್ ಇಲ್ಲ. ಲೆಕ್ಕ ಕೇಳಬೇಕಾದ್ದು ಕಂಪನಿಯನ್ನ, ಆಮೇಲೆ ಸರ್ಕಾರಗಳನ್ನ.

3/6
ಈಗ ನೀವು ಫೋನ್ ಚಾರ್ಜ್ ಮಾಡ್ತಿರೋ ಕರೆಂಟಿನ ಕಥೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರಕ್ಕೆ ತಂತಿ ಎಳೆದದ್ದು ಬೆಂಗಳೂರಿಗಲ್ಲ, ಕೆಜಿಎಫ್ ಗಣಿಗೆ. ನಮ್ಮ ಸಿಟಿಯ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೂರು ವರ್ಷ ಆದ್ಮೇಲೆ!
ಆಗ ಬೆಳಕಿನಲ್ಲಿ ನಮಗಿಂತ ಮುಂದಿದ್ದ ಊರಿನ ಮಕ್ಕಳು ಇವತ್ತು ಕೆಲಸಕ್ಕೆ, ಕಾಲೇಜಿಗೆ ದಿನಾ ರೈಲಲ್ಲಿ ನೇತಾಡಿಕೊಂಡು ಬರ್ತಾರೆ. ಇದು ಅವರ ಸೋಮಾರಿತನವಾ?

4/6
ಚಿನ್ನ ಹೋಯ್ತು, ಉಳಿದದ್ದು ಏನು? ಮೊದಲು ಧೂಳು. ಕಲ್ಲಿನ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್. 1940ರ ದಶಕದಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ತಪಾಸಣೆ ಆಯ್ತು. ನೂರರಲ್ಲಿ 40ಕ್ಕೂ ಹೆಚ್ಚು ಜನರಿಗೆ ಅದಿತ್ತು.
ಎರಡನೇದು, ನೀವು ಹತ್ತಿ ರೀಲ್ಸ್ ಮಾಡೋ ಆ "ಮರುಭೂಮಿ". ಅದು ಮರುಭೂಮಿ ಅಲ್ಲ ಕಣ್ರೋ. ಕಲ್ಲು ಪುಡಿ ಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಸುರಿದ ಕಸ. ಗಾಳಿ ಜೋರಾದ್ರೆ ಆ ಪುಡಿ ಮನೆಯೊಳಗೆ ಬರುತ್ತೆ. ನೀವು ಸ್ಲೋ ಮೋಷನ್‌ನಲ್ಲಿ ತೂರೋದು ಅದನ್ನೇ.

5/6
"ಅಲ್ಲಿ ಎಲ್ಲಾ ತಮಿಳು ಬಿಡು ಮಗಾ" ಅನ್ನೋರಿಗೆ: ಅವರ ಮುತ್ತಜ್ಜಂದಿರನ್ನ ಸೇಲಂ, ಉತ್ತರ ಆರ್ಕಾಟ್ ಕಡೆಯಿಂದ ಕರೆಸಿದ್ದು ಗಣಿ ಕೆಲಸಕ್ಕೆ. ಬಹಳಷ್ಟು ಜನ ದಲಿತರು. ಚಿನ್ನ ಮೈಸೂರಿಂದು, ಅದನ್ನ ಅಗೆದವರು ಮಾತ್ರ ಪರದೇಶಿಗಳಾ?
ಉಕ್ರೇನಲ್ಲಿ ವುಹ್ಲೆದಾರ್ ಅಂತ ಪುಟ್ಟ ಗಣಿ ಊರಿತ್ತು. ಹೆಸರಿನ ಅರ್ಥ "ಕಲ್ಲಿದ್ದಲ ಕೊಡುಗೆ". ಯುದ್ಧದಲ್ಲಿ ಪುಡಿಪುಡಿಯಾಗಿ, 2024ರ ಅಕ್ಟೋಬರ್‌ನಲ್ಲಿ ರಷ್ಯಾ ವಶವಾಯ್ತು. ಊರು ಹಾಳಾದ ಮೇಲೇ ಜಗತ್ತಿಗೆ ಅದರ ಹೆಸರು ಗೊತ್ತಾಗಿದ್ದು. ನಮ್ಮ ಪಕ್ಕದ ಊರಿಗೆ ಬಾಂಬ್ ಬಿದ್ದಿಲ್ಲ. ನೂರು ಕಿಲೋಮೀಟರ್ ದೂರ ಅಷ್ಟೇ. ಆದ್ರೂ ನಮಗೆ ಗೊತ್ತಿರೋದು ಪೋಸ್ಟರ್ ಮಾತ್ರ.

6/6
ಯಾಕೆ ಈಗ ಬರೀತಿದ್ದೀನಿ? ಆ ಕಸದ ದಿಬ್ಬಗಳಲ್ಲಿ ಇನ್ನೂ ಸ್ವಲ್ಪ ಚಿನ್ನ ಇದೆ. ಅದನ್ನ ತೆಗೆಯೋ ಯೋಜನೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ತೆಗೀಲಿ, ಬೇಡ ಅನ್ನಲ್ಲ. ಆದ್ರೆ ಮೊದಲು ಹಳೇ ಬಾಕಿ ತೀರಿಸಿ: ಕ್ವಾರ್ಟರ್ಸ್‌ನಲ್ಲಿ ಹಕ್ಕುಪತ್ರ ಇಲ್ಲದೆ ಬದುಕ್ತಿರೋರಿಗೆ ಮನೆ, ಧೂಳು ಕುಡಿದವರಿಗೆ ಚಿಕಿತ್ಸೆ, ಹೊಸ ಕೆಲಸದಲ್ಲಿ ಊರಿನ ಹುಡುಗ ಹುಡುಗಿಯರಿಗೆ ಮೊದಲ ಜಾಗ. ಮತ್ತೆ 800 ಟನ್ ಕಥೆ ಆಗಬಾರದು.
ನಾವು ಮಾಡಬಹುದಾದ್ದು? ದಿಬ್ಬ ಹತ್ತೋದು ಬಿಡಿ. ಕ್ಲಾಸಲ್ಲಿ ಆ ಊರಿನವರಿದ್ರೆ ರಾಕಿ ಭಾಯ್ ಬಗ್ಗೆ ಕೇಳಬೇಡಿ. "ಬೆಳಗ್ಗೆ ಎಷ್ಟು ಗಂಟೆಗೆ ಎದ್ದೆ, ತಿಂಡಿ ಆಯ್ತಾ?" ಅಂತ ಕೇಳಿ.
ನಾನು ಕೇಳಿದೆ, ತಡವಾಗಿ. ಮೂರೂವರೆಗಂತೆ.

#ಕೆಜಿಎಫ್ #ಕೋಲಾರ #ನಮ್ಮಪಕ್ಕದೂರು