ಹೊಟ್ಟೆ ಉಬ್ಬಿದ ಮೀನು: ಔಷಧಿ ಬಾಟಲಿ ಆಮೇಲೆ, ಮೊದಲು ಮೇಲಿಂದ ನೋಡಿ

ಅಡಿಕೆ, ತೆಂಗು ಬಿಟ್ಟು ಇವತ್ತು ಗಾಜಿನ ತೊಟ್ಟಿ ಮೀನಿನ ಬಗ್ಗೆ ಬರೀತಿದೀನಿ. ನಗಬೇಡಿ. ನಮ್ಮ ಸುತ್ತಮುತ್ತ ಎಷ್ಟೋ ಮನೆ ಹಜಾರದಲ್ಲಿ ಈಗ ಅಕ್ವೇರಿಯಂ ಇದೆ. ಅದೇ ಮನೆಯವರ ತೋಟದಲ್ಲಿ ಕೃಷಿ ಹೊಂಡ, ಹೊಂಡದಲ್ಲಿ ಕಾಟ್ಲಾ, ರೋಹು. ಹಜಾರದ ತೊಂದರೆ ಹೊಂಡಕ್ಕೆ ಹೋಗೋಕೆ ಒಂದು ಬಕೆಟ್ ಸಾಕು.

ಹೋದ ತಿಂಗಳು ಪಕ್ಕದ ತೋಟದವರ ಮಗಳು ಓಡಿ ಬಂದಳು. "ಚಿಕ್ಕಪ್ಪ, ಗೋಲ್ಡ್ ಫಿಶ್ ಹೊಟ್ಟೆ ಊದಿದೆ, ಅಪ್ಪ ಸ್ಟ್ರೆಪ್ಟೋಸೈಕ್ಲಿನ್ ಹಾಕ್ತೀನಿ ಅಂತಿದಾರೆ." ಗಿಡಕ್ಕೆ ಹೊಡೆಯೋಕೆ ತಂದಿದ್ದ ಪುಡಿ ಅದು! ನಾನು ಹೋಗೋ ಹೊತ್ತಿಗೆ ಪೊಟ್ಟಣ ಇನ್ನೂ ಹರಿದಿರಲಿಲ್ಲ, ಪುಣ್ಯ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಹೊಟ್ಟೆ ಉಬ್ಬಿದ ಮೀನಿನ ತೊಟ್ಟಿಗೆ ಮೊದಲ ದಿನ ಯಾವ ಔಷಧೀನೂ ಹಾಕಬಾರದು. ಹಸುಗೆ ಉಬ್ಬರ ಬಂದ್ರೆ ಎಡಪಕ್ಕೆ ಬಡಿದು ಸದ್ದು ಕೇಳ್ತೀವಿ, ಏನು ಮೇದಿತ್ತು ಅಂತ ಕೇಳ್ತೀವಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡ್ತೀವಿ. ಮೀನಿನ ವಿಷಯದಲ್ಲಿ ಮಾತ್ರ ಸೀದಾ ಅಂಗಡಿಗೆ. ಪೇಟೆಯ ಒಂದು ಅಂಗಡಿಯವನು ಬಿಳಿ ಚುಕ್ಕೆಗೂ ಅದೇ ನೀಲಿ ಬಾಟಲಿ, ಹೊಟ್ಟೆ ಊತಕ್ಕೂ ಅದೇ ನೀಲಿ ಬಾಟಲಿ ಕೊಡ್ತಾನೆ. ಏನು ಲಕ್ಷಣ ಅಂತ ಒಂದು ಮಾತೂ ಕೇಳಲ್ಲ.

ನೋಡೋದು ಹೇಗೆ? ಗಾಜಿನ ಪಕ್ಕದಿಂದ ನೋಡಿದ್ರೆ ಅರ್ಧ ಗೊತ್ತಾಗಲ್ಲ. ಮೇಲಿಂದ ನೋಡಿ. ಹುರುಪೆ ಮೈಗೆ ಅಂಟಿಕೊಂಡು ನುಣ್ಣಗಿದೆಯಾ, ಇಲ್ಲಾ ಒಂದೊಂದೂ ಎದ್ದು ನಿಂತು ಸೀತಾಫಲದ ಸಿಪ್ಪೆ ಥರ ಕಾಣ್ತಿದೆಯಾ? ಮುಂದಿನ ದಾರಿ ನಿರ್ಧಾರ ಆಗೋದು ಇಲ್ಲೇ.

ಹುರುಪೆ ನುಣ್ಣಗಿದ್ದು, ಹೊಟ್ಟೆ ಎರಡೂ ಕಡೆ ದುಂಡಗಾಗಿ, ಮೀನು ಇನ್ನೂ ತಿನ್ನೋಕೆ ಬರ್ತಿದ್ರೆ ಅದು ಬಹುಮಟ್ಟಿಗೆ ಜಾಸ್ತಿ ತಿಂದದ್ದು, ಮಲ ಕಟ್ಟಿದ್ದು. ಗೋಲ್ಡ್ ಫಿಶ್‌ಗೆ ಜಠರ ಅನ್ನೋದೇ ಇಲ್ಲ, ತಿಂದದ್ದು ಸೀದಾ ಕರುಳಿಗೆ ಹೋಗುತ್ತೆ. ಒಣ ಗುಳಿಗೆ ಒಳಗೆ ಹೋಗಿ ನೀರು ಕುಡಿದು ಊದ್ಕೊಳ್ಳುತ್ತೆ. ಮನೇಲಿ ಅಜ್ಜಿ ಒಂದು ಸಲ, ಮೊಮ್ಮಗ ಎರಡು ಸಲ, ನೆಂಟರು ಬಂದಾಗ ಇನ್ನೊಂದು ಸಲ ಹಾಕಿದ್ರೆ ಇನ್ನೇನಾಗುತ್ತೆ? ಎರಡು ಮೂರು ದಿನ ಏನೂ ಹಾಕಬೇಡಿ. ಆರೋಗ್ಯವಾಗಿರೋ ದೊಡ್ಡ ಮೀನು ಅಷ್ಟಕ್ಕೆ ಸಾಯಲ್ಲ. ಆಮೇಲೆ ಹಸಿ ಬಟಾಣಿ ಬೇಯಿಸಿ, ಉಪ್ಪು ಹಾಕದೆ, ಸಿಪ್ಪೆ ತೆಗೆದು, ಹಿಸುಕಿ ಚೂರೇ ಚೂರು ಕೊಡಿ. ಪಕ್ಕದ ಮನೆ ಮೀನಿಗೆ ಇಷ್ಟೇ ಮಾಡಿದ್ದು. ನಾಲ್ಕನೇ ದಿನಕ್ಕೆ ಹೊಟ್ಟೆ ಇಳೀತು.

ಕೆಲವು ಸಲ ಕಾಯಿಲೆಯೇ ಇರಲ್ಲ. ಹೆಣ್ಣು ಮೊಟ್ಟೆ ತುಂಬಿಕೊಂಡಿರುತ್ತೆ. ಕಿವಿರಿನ ಮುಚ್ಚಳದ ಮೇಲೆ ಸಣ್ಣ ಬಿಳಿ ಗುಳ್ಳೆ ಇರೋ ಗಂಡು ಗೋಲ್ಡ್ ಫಿಶ್ ಅದನ್ನ ಅಟ್ಟಿಸಿಕೊಂಡು ಓಡಾಡ್ತಿದ್ರೆ ಅನುಮಾನ ಬೇಡ. ಗಪ್ಪಿ, ಮೋಲಿ ಆದ್ರೆ ಮರಿ ಹಾಕೋ ಜಾತಿ, ಹೊಟ್ಟೆ ದಪ್ಪ ಆಗೋದು ಸಹಜ. ಒಂದೇ ಪಕ್ಕಕ್ಕೆ ವಾರಗಟ್ಟಲೆ ನಿಧಾನವಾಗಿ ಬೆಳೆಯೋ ಊತ ಗಡ್ಡೆ ಇರಬಹುದು, ಅದಕ್ಕೆ ಮನೆಮದ್ದಿಲ್ಲ.

ಹುರುಪೆ ಎದ್ದು ನಿಂತಿದ್ರೆ ಮಾತ್ರ ಸಂಗತಿ ಗಂಭೀರ. ಇದನ್ನ ಡ್ರಾಪ್ಸಿ ಅಂತಾರೆ. ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿನ ನೀರಿಗಿಂತ ಉಪ್ಪಿನಂಶ ಜಾಸ್ತಿ. ಹಾಗಾಗಿ ಕಿವಿರಿನ ಮೂಲಕ ನೀರು ಸದಾ ಒಳಗೆ ಜಿನುಗ್ತಾ ಇರುತ್ತೆ, ಮೂತ್ರಪಿಂಡ ಅದನ್ನ ಹೊರಗೆ ಹಾಕ್ತಾ ಇರಬೇಕು. ಮೂತ್ರಪಿಂಡ ಸೋತರೆ ಬಸಿಗಾಲುವೆ ಕಟ್ಟಿಕೊಂಡ ತೋಟದ ಪಾಡೇ. ನೀರು ಹೊಟ್ಟೇಲಿ, ಹುರುಪೆಯ ಬುಡದಲ್ಲಿ ನಿಲ್ಲುತ್ತೆ. ಹೆಚ್ಚಾಗಿ ಇದರ ಹಿಂದೆ ಏರೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ. ಅದು ನೀರಲ್ಲಿ ಯಾವಾಗಲೂ ಇರೋದೇ. ನೀರು ಕೆಟ್ಟು ಮೀನು ಬಳಲಿದಾಗ ಮೇಲೆ ಬೀಳುತ್ತೆ.

ಅದಕ್ಕೇ ನೀರಿನ ಪರೀಕ್ಷೆ ಮೊದಲು. ಅಮೋನಿಯಾ ನೋಡೋ ಹನಿ ಕಿಟ್ ಸಿಗುತ್ತೆ, ಸೊನ್ನೆ ತೋರಿಸಬೇಕು. ಪಿಎಚ್ ಮತ್ತು ಬಿಸಿ ಏರಿದಷ್ಟೂ ಅಮೋನಿಯಾ ವಿಷ ಜಾಸ್ತಿ, ಬೇಸಿಗೇಲಿ ಜೋಪಾನ. ಕಾಲು ಭಾಗ ನೀರು ತೆಗೆದು ಹೊಸದು ಹಾಕಿ. ಬೋರ್ ನೀರನ್ನ ಪೈಪಿಂದ ಸೀದಾ ಬಿಡಬೇಡಿ, ಅದರಲ್ಲಿ ಆಮ್ಲಜನಕ ಕಡಿಮೆ ಇರುತ್ತೆ. ಬಕೆಟ್‌ಲ್ಲಿ ರಾತ್ರಿ ಇಟ್ಟು, ಏರ್ ಪಂಪ್ ಬಿಟ್ಟು ಹಾಕಿ.

ಆಮೇಲೆ ಮೆಗ್ನೀಷಿಯಂ ಸಲ್ಫೇಟ್. ಅಡಿಕೆ ಎಲೆ ಹಳದಿಯಾದಾಗ ನಾವು ಕೊಡೋದು ಅದೇ. ಪಶ್ಚಿಮದವರು ಎಪ್ಸಂ ಸಾಲ್ಟ್ ಅನ್ನೋದೂ ಇದನ್ನೇ. ಊದಿದ ಮೀನನ್ನ ಬೇರೆ ತೊಟ್ಟಿಗೆ ಬಿಟ್ಟು 20 ಲೀಟರಿಗೆ ಒಂದು ಟೀ ಚಮಚದಂತೆ ಬೇರೆ ನೀರಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಹಾಕಿ. ಲೀಟರ್ ಲೆಕ್ಕ ಸುಲಭ: ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 1000ದಿಂದ ಭಾಗಿಸಿ. 60, 30, 30 ಇದ್ರೆ 54 ಲೀಟರ್. ಆದ್ರೆ ಗೊಬ್ಬರದ ಚೀಲದಿಂದ ತೆಗೆದು ಹಾಕಬೇಡಿ, ಮೆಡಿಕಲ್ ಸ್ಟೋರಿನ ಶುದ್ಧವಾದದ್ದು ತನ್ನಿ. ಜಿಂಕ್ ಸಲ್ಫೇಟ್ ಕಣ್ಣಿಗೆ ಥೇಟ್ ಇದೇ ಥರ ಇರುತ್ತೆ, ಕಲಬೆರಕೆ ಮಾಡೋರಿಗೂ ಅದೇ ಅನುಕೂಲ. ಜಿಂಕ್ ಹೋದ್ರೆ ಮೀನು ಉಳಿಯಲ್ಲ. ಮೈಲುತುತ್ತ ಮುಟ್ಟಿದ ಚಮಚ, ಬಕೆಟ್ ಕೂಡ ಹತ್ತಿರ ತರಬೇಡಿ.

ಆ್ಯಂಟಿಬಯೋಟಿಕ್ ವಿಷಯಕ್ಕೆ ಬರ್ತೀನಿ. ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಒಡೆದು ನೀರಿಗೆ ಸುರಿಯೋ ರೂಢಿ ಇದೆ. ನಮ್ಮ ಬೋರ್ ನೀರು ಗಡುಸು, ಅದರ ಸುಣ್ಣ, ಮೆಗ್ನೀಷಿಯಂ ಜೊತೆ ಆ ಔಷಧಿ ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತೆ. ಕೆಲಸ ಮಾಡೋ ಔಷಧಿ ಹಾಕಿದ್ರೂ ಫಿಲ್ಟರಿನಲ್ಲಿ ಅಮೋನಿಯಾ ತಿನ್ನೋ ಒಳ್ಳೆ ಬ್ಯಾಕ್ಟೀರಿಯಾಕ್ಕೇ ಪೆಟ್ಟು ಬೀಳಬಹುದು, ಆಗ ಅಮೋನಿಯಾ ಮತ್ತೆ ಏರುತ್ತೆ. ಕೊಡಲೇಬೇಕಾದ್ರೆ ಮೀನು ಇನ್ನೂ ತಿನ್ನೋವಾಗ, ಆಹಾರದಲ್ಲಿ, ಪಶುವೈದ್ಯರನ್ನ ಕೇಳಿ ಕೊಡಬೇಕು. ನಮ್ಮ ದೇಶದಲ್ಲಿ ಮೀನು ಸಾಕಣೆಗೆ ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ನಿಷೇಧ ಆಗಿರೋದನ್ನ ಹೊಂಡ ಇರೋರು ನೆನಪಿಡಿ.

ಇಷ್ಟೆಲ್ಲಾ ಮಾಡಿದ್ರೂ ಹುರುಪೆ ಪೂರ್ತಿ ಎದ್ದ ಮೀನು ಬದುಕೋದು ಅಪರೂಪ. ಸುಳ್ಳು ಭರವಸೆ ಕೊಡಲ್ಲ. ಆಗಲೇ ನಮ್ಮವರು ಮಾಡೋದು ನನಗೆ ಸುತರಾಂ ಒಪ್ಪಿಗೆ ಇಲ್ಲದ ಕೆಲಸ: "ಪಾಪ, ಬದುಕಿಕೊಳ್ಳಲಿ" ಅಂತ ಕೃಷಿ ಹೊಂಡಕ್ಕೋ ಕೆರೆಗೋ ಬಿಡೋದು. ಕಾಟ್ಲಾ, ರೋಹುಗೂ ಡ್ರಾಪ್ಸಿ ಬರುತ್ತೆ. ಎಲ್ಲಿಂದಲೋ ಬಂದ ಮೀನಿನ ಜೊತೆ ಅದರ ಹುಳ, ಬ್ಯಾಕ್ಟೀರಿಯಾ ಎಲ್ಲಾ ಬರುತ್ತೆ. ಹೊಂಡದ ನೀರು ಕೋಡಿ ಹರಿದ್ರೆ ಪಕ್ಕದವರ ಮರಿಗೂ ತೊಂದರೆ. (ಗಾಜು ನೆಕ್ಕೋ ಕಪ್ಪು ಮೀನನ್ನ ಕೆರೆಗೆ ಬಿಡೋರಿಗೆ ಇನ್ನೊಂದು ದಿನ ಬೇರೆಯಾಗೇ ಬರೀತೀನಿ.)

ಉಳಿಯಲ್ಲ ಅಂತ ಖಚಿತವಾದ್ರೆ ಲವಂಗದ ಎಣ್ಣೆ ಇದೆ. ಒಂದು ಲೀಟರಿಗೆ ಹತ್ತು ಹನಿಯಷ್ಟನ್ನ ಸಣ್ಣ ಬಾಟಲಿಯಲ್ಲಿ ಉಗುರುಬೆಚ್ಚಗಿನ ನೀರಿನ ಜೊತೆ ಚೆನ್ನಾಗಿ ಕುಲುಕಿ, ಮೀನಿರೋ ಪಾತ್ರೆಗೆ ಸುರೀರಿ. ಮಂಪರಲ್ಲೇ ಹೋಗುತ್ತೆ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಬಿಟ್ಟು ಮಣ್ಣಲ್ಲಿ ಹೂಳಿ. ತೊಟ್ಟಿ ನೀರನ್ನ ತೆಂಗಿನ ಬುಡಕ್ಕೆ ಹಾಕಿ, ಹೊಂಡದ ಕಡೆ ಬೇಡ. ಬಲೆ ಬಿಸಿಲಲ್ಲಿ ಒಣಗಿಸಿ. ಕೈಯಲ್ಲಿ ಗಾಯ ಇದ್ರೆ ತೊಟ್ಟಿಗೆ ಕೈ ಹಾಕಬೇಡಿ.

ನಿಮ್ಮ ಮನೆ ಮೀನು ಊದಿದ್ರೆ ನನಗೆ ಫೋಟೋ ಕಳಿಸಿ. ಮೇಲಿಂದ ಒಂದು, ಪಕ್ಕದಿಂದ ಒಂದು. ಜೊತೆಗೆ ತೊಟ್ಟಿ ಅಳತೆ, ಎಷ್ಟು ಮೀನಿವೆ, ದಿನಕ್ಕೆ ಯಾರ್ಯಾರು ಎಷ್ಟು ಸಲ ಆಹಾರ ಹಾಕ್ತೀರಿ ಅನ್ನೋದೂ ಬರೀರಿ. ಅಜ್ಜಿ ಹಾಕೋದನ್ನೂ ಸೇರಿಸಿ.